ದೊನ್ ರಫಾಯೆಲ್ ಯಾವಾಗ ಬಾಯಿ ಬಿಡ್ತಾನೆ?

ರೇಡಿಯೊ ನಾಟಕದ ನಡುವೆ ಒಂದು ಪಾತ್ರದ ಮಾತು ನಿಂತುಹೋದರೆ, ಆ ಪಾತ್ರ ಇನ್ನೂ ಅಲ್ಲೇ ಇದೆ ಅಂತ ಕೇಳುಗರಿಗೆ ಗೊತ್ತಾಗುವುದು ಹೇಗೆ? ರಂಗದ ಮೇಲಾದರೆ ಮಾತು ಕಳಕೊಂಡವನು ಕಣ್ಣೆದುರಿಗೇ ಕೂತಿರುತ್ತಾನೆ, ಕೈ ಆಡಿಸುತ್ತಾನೆ, ಕಣ್ಣೀರು ಹಾಕುತ್ತಾನೆ. ರೇಡಿಯೊದಲ್ಲಿ ಸದ್ದಿಲ್ಲದವನು ಇಲ್ಲದವನೇ. ಕ್ಯೂಬಾದ ಬರಹಗಾರನೊಬ್ಬ ಈ ಇಕ್ಕಟ್ಟನ್ನೇ ಬಂಡವಾಳ ಮಾಡಿಕೊಂಡು ಒಂದು ದೇಶವನ್ನು ವಾರಗಟ್ಟಲೆ ತುದಿಗಾಲಲ್ಲಿ ನಿಲ್ಲಿಸಿದ. ಅವನ ಹೆಸರು ಫೆಲಿಕ್ಸ್ ಬಿ. ಕೈಗ್ನೆಟ್. ಧಾರಾವಾಹಿಯ ಹೆಸರು ‘ಎಲ್ ದೆರೆಚೊ ದೆ ನಸೇರ್’, ಅಂದರೆ ‘ಹುಟ್ಟುವ ಹಕ್ಕು’. ಸ್ಪ್ಯಾನಿಷ್ ಮಾತಾಡುವ ದೇಶಗಳಲ್ಲಿ ಟೆಲಿನೊವೆಲಾ ಅನ್ನುವ ಟಿವಿ ಧಾರಾವಾಹಿಯ ಚರಿತ್ರೆ ಯಾರೇ ಬರೆಯಲಿ, ಇದರ ಹೆಸರು ಬಾರದೆ ಮುಂದೆ ಹೋಗುವುದಿಲ್ಲ. ಮೆಕ್ಸಿಕೊ ಒಂದರಲ್ಲೇ ಅದು 1966, 1981, 2001 ಹೀಗೆ ಮೂರು ಸಲ ಟಿವಿಗೆ ಬಂತು, ಎರಡು ಸಲ ಸಿನಿಮಾ ಆಯಿತು. ವೆನೆಜುವೆಲಾದಲ್ಲಿ, ಬ್ರೆಜಿಲ್‌ನಲ್ಲಿ ಬೇರೆ. ಇಷ್ಟು ಸಲ ಕಣ್ಣಿಗೆ ಕಂಡ ಮೇಲೂ ಅದು ಮೂಲತಃ ಕಿವಿಯ ಕಥೆಯೇ ಅಂತ ನನಗನ್ನಿಸುತ್ತದೆ.

ಕೈಗ್ನೆಟ್ ಹುಟ್ಟಿದ್ದು 1892ರಲ್ಲಿ, ಕ್ಯೂಬಾದ ಪೂರ್ವ ತುದಿಯ ಓರಿಯೆಂತೆ ಪ್ರಾಂತದ ಸಾನ್ ಲೂಯಿಸ್ ಎಂಬಲ್ಲಿ. ಬೆಳೆದು ಹೆಸರು ಮಾಡಿದ್ದು ಹತ್ತಿರದ ಸಾಂತಿಯಾಗೊ ನಗರದಲ್ಲಿ. ಪತ್ರಕರ್ತ, ಕವಿ, ಹಾಡು ಕಟ್ಟುವವನು. ಕನೇಯ್ ಊರಿನ ಹಣ್ಣುಗಳನ್ನು ಹೊಗಳುವ ಅವನ ಹಾಡೊಂದನ್ನು ಅಲ್ಲಿ ಇವತ್ತಿಗೂ ಹಾಡುತ್ತಾರೆ. 1930ರ ದಶಕದಲ್ಲಿ ರೇಡಿಯೊಗೆ ಬಂದು ಚಾನ್ ಲಿ ಪೊ ಎಂಬ ಚೀನೀ ಪತ್ತೇದಾರನನ್ನು ಸೃಷ್ಟಿಸಿದ. ‘ತಾಳ್ಮೆ, ತುಂಬ ತಾಳ್ಮೆ ಬೇಕು’ ಅನ್ನುವುದು ಆ ಪತ್ತೇದಾರನ ಮಾತಿನ ಪಲ್ಲವಿ. ಅದು ಊರವರ ಬಾಯಲ್ಲೆಲ್ಲ ನಲಿದಾಡಿತು. ಆ ಸರಣಿಯ ಒಂದು ಕಥೆಯನ್ನೇ 1937ರಲ್ಲಿ ಸಿನಿಮಾ ಮಾಡಿದರು. ಕ್ಯೂಬಾದ ಮೊದಲ ಮಾತಿನ ಕಥಾಚಿತ್ರ ಅದೇ. ಅಂದರೆ ಆ ದೇಶದಲ್ಲಿ ಸಿನಿಮಾ ಮಾತು ಕಲಿತದ್ದೇ ರೇಡಿಯೊ ಧಾರಾವಾಹಿಯೊಂದರ ಹೆಗಲೇರಿ.

ಕೇಳಿ ಸುಖಪಡುವುದು ಅಲ್ಲಿನವರಿಗೆ ಹೊಸದೇನಲ್ಲ. ಹವಾನಾದ ಚುಟ್ಟಾ ಕಾರ್ಖಾನೆಗಳಲ್ಲಿ ನೂರಾರು ಜನ ಬೆಂಚುಗಳಲ್ಲಿ ಕೂತು ಎಲೆ ಸುತ್ತುತ್ತಿರುವಾಗ, ಎತ್ತರದ ಪೀಠದ ಮೇಲೆ ಒಬ್ಬ ಕೂತು ಗಟ್ಟಿಯಾಗಿ ಕಾದಂಬರಿ, ಪತ್ರಿಕೆ ಓದುವ ಪದ್ಧತಿ 1865ರಿಂದಲೂ ಇತ್ತು. ಓದುವವನ ಸಂಬಳಕ್ಕೆ ಕೆಲಸಗಾರರೇ ಕೈಯಿಂದ ಹಣ ಹಾಕುತ್ತಿದ್ದರು. ಕಾದಂಬರಿ ಇವತ್ತು ಇಲ್ಲಿಗೆ ನಿಂತಿತು, ನಾಳೆ ಮುಂದುವರಿಯುತ್ತದೆ ಅನ್ನುವ ಚಡಪಡಿಕೆ ಅವರಿಗೆ ರೇಡಿಯೊಗಿಂತ ಎಷ್ಟೋ ಮೊದಲೇ ರೂಢಿಯಾಗಿತ್ತು.

ಈಗ ಕಥೆ. ಸಿರಿವಂತ, ದರ್ಪದ ಯಜಮಾನ ದೊನ್ ರಫಾಯೆಲ್ ದೆಲ್ ಹುಂಕೊ. ಮಗಳು ಮರಿಯಾ ಎಲೆನಾ ಮದುವೆಗೆ ಮೊದಲೇ ಬಸಿರಾಗುತ್ತಾಳೆ. ಮಗುವಿನಪ್ಪ ಕೈಕೊಡುತ್ತಾನೆ. ಮನೆತನದ ಮರ್ಯಾದೆಗೆ ಅಂಜಿದ ದೊನ್ ರಫಾಯೆಲ್, ಹುಟ್ಟಿದ ಕೂಸನ್ನು ಕೊಂದುಬಿಡು ಅಂತ ತನ್ನ ಆಳು ಬ್ರೂನೊಗೆ ಒಪ್ಪಿಸುತ್ತಾನೆ. ಅಡ್ಡ ಬರುವವಳು ಮನೆಯ ದಾದಿ, ಕಪ್ಪು ಹೆಂಗಸು, ಮರಿಯಾ ದೊಲೋರೆಸ್ ಲಿಮೊಂತಾ. ಕೂಸನ್ನೆತ್ತಿಕೊಂಡು ಕಣ್ಮರೆಯಾಗಿ, ದೂರದ ಊರಲ್ಲಿ ಅವರಿವರ ಮನೆಗೆಲಸ ಮಾಡಿ ಅದನ್ನು ಬೆಳೆಸುತ್ತಾಳೆ. ಆ ಹುಡುಗ ಆಲ್ಬರ್ತೀಕೊ ಲಿಮೊಂತಾ ಡಾಕ್ಟರಾಗುತ್ತಾನೆ. ಇತ್ತ ಮರಿಯಾ ಎಲೆನಾ ಸನ್ಯಾಸಿನಿಯಾಗಿ ಮಠ ಸೇರಿರುತ್ತಾಳೆ. ಮುಂದೊಂದು ದಿನ ಮುದಿ ದೊನ್ ರಫಾಯೆಲ್‌ನ ಜೀವ ಉಳಿಸಲು ರಕ್ತ ಕೊಡುವವನು ಈ ಡಾಕ್ಟರೇ, ಇಬ್ಬರಿಗೂ ಸಂಬಂಧ ತಿಳಿಯದೆ. ಆಮೇಲೆ ಮುದುಕನಿಗೆ ನಿಜ ಗೊತ್ತಾಗುತ್ತದೆ. ಗೊತ್ತಾದ ಆಘಾತಕ್ಕೆ ಲಕ್ವ ಹೊಡೆದು ಮಾತು ಬಿದ್ದುಹೋಗುತ್ತದೆ. ಇಡೀ ಜಗತ್ತಿನಲ್ಲಿ ಮಗಳಿಗೆ ‘ನಿನ್ನ ಮಗ ಬದುಕಿದ್ದಾನೆ’ ಅಂತ ಹೇಳಬೇಕಾದವನು ಅವನು, ಹೇಳಲಾರದವನೂ ಅವನೇ.

ಕನ್ನಡದವರಿಗೆ ಇದನ್ನು ಓದುವಾಗ ಕರ್ಣನ ನೆನಪಾಗದೆ ಇರುವುದಿಲ್ಲ. ಮದುವೆಗೆ ಮುಂಚಿನ ಕೂಸು, ಮನೆತನದ ಹೆದರಿಕೆ, ಕೆಳಗಿನವರ ಮನೆಯಲ್ಲಿ ಬೆಳೆಯುವ ಹುಡುಗ, ಕಡೆಗೆ ಸಾಕಿದ ತಾಯಿಯ ಹೆಸರನ್ನೇ ಹೊರುವವನು. ಕರ್ಣ ರಾಧೇಯನಾದ ಹಾಗೆ ಇವನು ಲಿಮೊಂತಾ. ಆದರೆ ನಮ್ಮ ಕಥೆ ಕಣ್ಣು ನೆಟ್ಟಿರುವುದು ಕುಂತಿಯ ಮೇಲೆ. ಅವಳ ಗುಟ್ಟು, ಗಂಗೆಯ ದಡಕ್ಕೆ ಅವಳು ಬರುವುದು, ಅವಳು ಬೇಡುವ ವರ. ರಾಧೆ ಏನು ತಿಂದಳು, ಹೇಗೆ ಸಾಕಿದಳು, ಕುರುಕ್ಷೇತ್ರದಿಂದ ಸುದ್ದಿ ಬಂದಾಗ ಏನು ಮಾಡಿದಳು ಅಂತ ಕೇಳುವವರು ಕಡಿಮೆ. ಕೈಗ್ನೆಟ್ ಮಾಡಿದ್ದು ತದ್ವಿರುದ್ಧ. ಅವನಲ್ಲಿ ಹಡೆದವಳು ಮಠದ ಗೋಡೆಯಾಚೆ ಇದ್ದಾಳೆ. ಕಥೆ ನಡೆಯುವುದು ಮಮಾ ದೊಲೋರೆಸ್‌ಳ ಹಿಂದೆ. ಜನರ ಬಾಯಲ್ಲಿ ಉಳಿದ ಹೆಸರೂ ಅವಳದೇ.

ಮೊದಲ ಕಂತು ಬಂದದ್ದು 1948ರ ಏಪ್ರಿಲ್ 1ರಂದು, ಸಿಎಂಕ್ಯು ಕೇಂದ್ರದಿಂದ. ಅದರ ಒಡೆಯ ಗೋಆರ್ ಮೆಸ್ತ್ರೆ ಹವಾನಾದ ವೆದಾದೊ ಬಡಾವಣೆಯಲ್ಲಿ ರೇಡಿಯೊಸೆಂತ್ರೊ ಎಂಬ ದೊಡ್ಡ ಕಟ್ಟಡವನ್ನು ಅದರ ಹಿಂದಿನ ತಿಂಗಳಷ್ಟೇ ತೆರೆದಿದ್ದ. ಎದುರಾಳಿ ಆರ್‌ಎಚ್‌ಸಿ ಕಾದೆನಾ ಅಸುಲ್ ಕೇಂದ್ರದ ಜತೆ ಜಿದ್ದಾಜಿದ್ದಿ ನಡೆದಿತ್ತು. ಧಾರಾವಾಹಿಗಳ ಹಿಂದೆ ಸಾಬೂನು ಕಂಪನಿಗಳ ಹಣವಿತ್ತು. ಒಟ್ಟು 314 ಕಂತು. ಪ್ರಸಾರದ ಹೊತ್ತಿಗೆ ಬೀದಿ ಖಾಲಿಯಾಗುತ್ತಿತ್ತು, ಸಿನಿಮಾ ಮಂದಿರಗಳು ಆಟ ನಿಲ್ಲಿಸಿ ರೇಡಿಯೊ ಹಾಕುತ್ತಿದ್ದವು ಅಂತೆಲ್ಲ ಹೇಳುತ್ತಾರೆ. ಇಂಥ ಮಾತನ್ನು ಜಗತ್ತಿನ ಪ್ರತಿಯೊಂದು ಜನಪ್ರಿಯ ಧಾರಾವಾಹಿಯ ಬಗ್ಗೆಯೂ ಹೇಳುವುದರಿಂದ ನಾನು ಅದನ್ನು ಅರ್ಧ ಸೋಡಿ ಬಿಟ್ಟೇ ನಂಬುತ್ತೇನೆ.

ಸೋಡಿ ಬಿಡಲಾಗದ ಒಂದು ಸಂಗತಿಯಿದೆ. ಆಲ್ಬರ್ತೀಕೊ ಪ್ರೀತಿಸುವ ನಾಯಕಿ ಇಸಬೆಲ್ ಕ್ರಿಸ್ತಿನಾಗೆ ದನಿ ಕೊಡುತ್ತಿದ್ದವಳು ಮರಿಯಾ ವಲೇರೊ. ಸ್ಪೇನಿನ ಅಂತರ್ಯುದ್ಧದಲ್ಲಿ ಸೋತ ಪಕ್ಷದವಳಾಗಿ ದೇಶ ಬಿಟ್ಟು ಬಂದ ನಟಿ, ಆ ಹೊತ್ತಿಗೆ ಕ್ಯೂಬಾ ರೇಡಿಯೊದ ಅತಿ ದೊಡ್ಡ ಹೆಸರು. 1948ರ ನವೆಂಬರಿನಲ್ಲಿ ಬೆಳಗಿನ ಜಾವ ಆಕಾಶದಲ್ಲಿ ಧೂಮಕೇತು ಕಾಣುತ್ತದೆ ಅಂತ ಗೆಳೆಯರೊಂದಿಗೆ ಹವಾನಾದ ಕಡಲದಂಡೆಯ ರಸ್ತೆಗೆ ಹೋದವಳಿಗೆ ಕಾರು ಡಿಕ್ಕಿ ಹೊಡೆದು ತೀರಿಕೊಂಡಳು. ಅವಳ ಅಂತಿಮ ಯಾತ್ರೆಗೆ ಊರೇ ಬಂತು. ಧಾರಾವಾಹಿ ಮಾತ್ರ ನಿಲ್ಲಲಿಲ್ಲ. ಮಿನೀನ್ ಬುಹೋನೆಸ್ ಎಂಬ ನಟಿ ಆ ಪಾತ್ರ ಮುಂದುವರಿಸಿದಳು. ದನಿ ಬದಲಾಯಿತು, ಇಸಬೆಲ್ ಕ್ರಿಸ್ತಿನಾ ಬದುಕಿ ಉಳಿದಳು.

ಇನ್ನು ದೊನ್ ರಫಾಯೆಲ್‌ನ ಮೌನ. ಅದರ ಹಿಂದೆ ಒಂದು ಕಥೆ ಓಡಾಡುತ್ತಿದೆ: ಆ ಪಾತ್ರ ಮಾಡುತ್ತಿದ್ದ ಹೊಸೆ ಗೌಲಾ ಹೆಚ್ಚು ಸಂಬಳ ಕೇಳಿದನಂತೆ, ಕೊಡಲು ಮನಸ್ಸಿಲ್ಲದೆ ಕೈಗ್ನೆಟ್ ಪಾತ್ರಕ್ಕೆ ಲಕ್ವ ಹೊಡೆಸಿ ಬಾಯಿ ಮುಚ್ಚಿಸಿದನಂತೆ. ನಿಜವೋ ಸುಳ್ಳೋ, ಧಾರಾವಾಹಿ ಬರೆದವರು ಯಾರೂ ಇದನ್ನು ಕೇಳಿ ಆಶ್ಚರ್ಯಪಡಲಿಕ್ಕಿಲ್ಲ. ಕಲಾವಿದ ಜಗಳ ಮಾಡಿದರೆ ಪಾತ್ರ ಆಸ್ಪತ್ರೆ ಸೇರುವುದು ಇವತ್ತಿಗೂ ಇದ್ದದ್ದೇ. ಆದರೆ ಕಾರಣ ಏನೇ ಇರಲಿ, ಆದದ್ದು ಅದ್ಭುತ. ಇಡೀ ಕ್ಯೂಬಾ ಕೇಳತೊಡಗಿತು: ದೊನ್ ರಫಾಯೆಲ್ ಯಾವಾಗ ಮಾತಾಡ್ತಾನೆ? ಅಂಗಡಿಯಲ್ಲಿ, ಬಸ್ಸಿನಲ್ಲಿ, ಕಚೇರಿಯಲ್ಲಿ ಅದೇ ಪ್ರಶ್ನೆ.

ಈ ತಂತ್ರವನ್ನು ತುಸು ಬಿಡಿಸಿ ನೋಡಬೇಕು. ಮುದುಕ ಕೋಣೆಯಲ್ಲಿದ್ದಾನೆ ಅಂತ ಕೇಳುಗನಿಗೆ ತಿಳಿಸಲು ಬರಹಗಾರನ ಕೈಯಲ್ಲಿ ಇರುವುದು ಮೂರೇ ದಾರಿ. ಬೇರೆ ಪಾತ್ರಗಳು ಅವನನ್ನು ಉದ್ದೇಶಿಸಿ ಮಾತಾಡಬೇಕು. ಅವನಿಂದ ಒಂದು ನರಳಾಟ, ಗಂಟಲಲ್ಲೇ ಸಿಕ್ಕಿಕೊಂಡ ಒಂದು ಸದ್ದು ಬರಬೇಕು. ಅಥವಾ ನಿರೂಪಕ ಹೇಳಬೇಕು. ಕೈಗ್ನೆಟ್‌ನ ನಿಜವಾದ ಆಸ್ತಿ ಈ ನಿರೂಪಕ. ಅಲ್ಲಿಯವರೆಗೆ ಅಲ್ಲಿನ ರೇಡಿಯೊ ನಾಟಕ ಬಹುಮಟ್ಟಿಗೆ ರಂಗನಾಟಕವನ್ನೇ ಮೈಕಿನ ಮುಂದೆ ಓದುವ ಹಾಗಿತ್ತು. ಪಾತ್ರದ ಮನಸ್ಸಿನೊಳಗೆ ಇಳಿಯುವ, ಕೋಣೆಯ ಬೆಳಕನ್ನು ಬಣ್ಣಿಸುವ, ಅಳು ಬರುವ ಜಾಗದಲ್ಲಿ ದನಿ ತಗ್ಗಿಸುವ ನಿರೂಪಕನಿಗೆ ಧಾರಾವಾಹಿಯಲ್ಲಿ ಗಟ್ಟಿ ಪಾತ್ರ ಕೊಟ್ಟವನು ಕೈಗ್ನೆಟ್ ಅಂತ ಲ್ಯಾಟಿನ್ ಅಮೆರಿಕದ ರೇಡಿಯೊ ಚರಿತ್ರೆ ಬರೆಯುವವರು ಒಪ್ಪುತ್ತಾರೆ. ದೊನ್ ರಫಾಯೆಲ್ ಬಾಯಿ ಮುಚ್ಚಿದ ಮೇಲೆ ಅವನ ಪಾಲಿನ ಮಾತೆಲ್ಲ ನಿರೂಪಕನದಾಯಿತು. ಮುದುಕನ ತಲೆಯೊಳಗೆ ಏನು ಕುದಿಯುತ್ತಿದೆ ಅಂತ ಕೇಳುಗನಿಗೆ ಗೊತ್ತು, ಅವನ ಮಗ್ಗುಲಲ್ಲೇ ಕೂತ ಮಗಳಿಗೆ ಗೊತ್ತಿಲ್ಲ. ಕೇಳುಗ ತನ್ನ ಮನೆಯಲ್ಲಿ ಕೂತು ಆ ಮಗಳಿಗೆ ಕೂಗಿ ಹೇಳಬೇಕು ಅನ್ನಿಸುವ ಸ್ಥಿತಿ ಅದು.

ಟಿವಿಗೆ ಬಂದಾಗ ಇದೇ ಜಾಗದಲ್ಲಿ ಏಟು ಬಿತ್ತು. 1981ರ ಮೆಕ್ಸಿಕೊ ಆವೃತ್ತಿಯಲ್ಲಿ ದೊನ್ ರಫಾಯೆಲ್ ಆದವನು ಇಗ್ನಾಸಿಯೊ ಲೋಪೆಸ್ ತಾರ್ಸೊ, ಅಲ್ಲಿನ ರಂಗಭೂಮಿ ಮತ್ತು ಸಿನಿಮಾದ ಹಿರಿಯ. ಮರಿಯಾ ಎಲೆನಾ ಆಗಿ ವೆರೋನಿಕಾ ಕಾಸ್ತ್ರೊ, ಡಾಕ್ಟರಾಗಿ ಉಂಬೆರ್ತೊ ಸುರೀತಾ. ನಟನೆಯಲ್ಲಿ ಊನವಿಲ್ಲ. ಆದರೆ ಲೋಪೆಸ್ ತಾರ್ಸೊನಂಥ ನಟನ ಕಣ್ಣು ಕಾಣುವಾಗ ಅವನು ಮಾತು ಕಳಕೊಂಡವನು ಅಂತ ಅನ್ನಿಸುವುದೇ ಇಲ್ಲ. ಕಣ್ಣೇ ಎಲ್ಲ ಹೇಳುತ್ತದೆ. ಕ್ಯಾಮೆರಾ ಹತ್ತಿರ ಹೋದಷ್ಟೂ ಗುಟ್ಟು ಸೋರುತ್ತದೆ. ಎದುರಿಗೆ ಕೂತ ಮಗಳಿಗೆ ಇಷ್ಟೂ ಅರ್ಥವಾಗುವುದಿಲ್ಲವೇ ಅಂತ ನನಗೆ ಸಿಟ್ಟು ಬಂತು. ಕೆಲವು ದೃಶ್ಯಗಳನ್ನು ಕಣ್ಣುಮುಚ್ಚಿ ಕೇಳಿ ನೋಡಿದೆ. ನನ್ನ ಸ್ಪ್ಯಾನಿಷ್ ಮುರುಕಲು, ಆದರೂ ದನಿಯಲ್ಲಿ ಕಥೆ ಬೇರೆಯದೇ ಆಗಿ ಕೇಳಿಸಿತು. ಮಗಳ ಮಾತು, ಮಾತಿಗೆ ಉತ್ತರವಿಲ್ಲದ ಜಾಗ, ಮತ್ತೆ ಮಗಳ ಮಾತು. ಕಣ್ಣು ತೆರೆದರೆ ಆ ಖಾಲಿ ಜಾಗವನ್ನು ಹಿನ್ನೆಲೆ ಸಂಗೀತ ಮತ್ತು ಮುಖದ ಕ್ಲೋಸಪ್ಪು ತುಂಬಿಬಿಟ್ಟಿರುತ್ತವೆ.

ಕರಾವಳಿ, ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಂದೇ ಪ್ರಸಂಗವನ್ನು ಯಕ್ಷಗಾನದ ಆಟದಲ್ಲಿ ನೋಡುವುದು ಒಂದು, ತಾಳಮದ್ದಲೆಯಲ್ಲಿ ಕೇಳುವುದು ಇನ್ನೊಂದು. ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟ ಎಪ್ಪತ್ತರ ಅರ್ಥಧಾರಿ ದ್ರೌಪದಿಯಾಗಿ ಮಾತಾಡಿದರೆ ನಮಗೆ ದ್ರೌಪದಿಯೇ ಕೇಳಿಸುತ್ತಾಳೆ. ಮುಖ ಯಾರದು ಅನ್ನುವ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಮುಖ ಯಾರದು? ಮಮಾ ದೊಲೋರೆಸ್ ವಿಷಯದಲ್ಲಿ ಹಲವು ಮರುಸೃಷ್ಟಿಗಳು ಎಡವಿದ್ದು ಇಲ್ಲೇ. ಹವಾನಾದ ರೇಡಿಯೊದಲ್ಲಿ ಅವಳ ದನಿ ಲೂಪೆ ಸ್ವಾರೆಸ್ ಎಂಬ ಬಿಳಿಯ ನಟಿಯದು. ಕೇಳುವವರಿಗೆ ಬಣ್ಣ ಕಾಣುವುದಿಲ್ಲ. ಉಚ್ಚಾರದ ಧಾಟಿಯಲ್ಲೇ ಅವಳು ಕಪ್ಪಾದಳು. ಇದನ್ನು ಸುಲಭಕ್ಕೆ ಹೊಗಳುವಂತಿಲ್ಲ. ಕಪ್ಪು ನಟಿಯರಿಗೆ ಸಿಗಬೇಕಾದ ಪಾತ್ರವೂ ಹೀಗೆಯೇ ಕೈತಪ್ಪುತ್ತಿತ್ತು. 1952ರಲ್ಲಿ ಮೆಕ್ಸಿಕೊದಲ್ಲಿ ಸಿನಿಮಾ ಆದಾಗ ಅದೇ ಲೂಪೆ ಸ್ವಾರೆಸ್ ಮುಖಕ್ಕೆ ಕಪ್ಪು ಬಳಿದುಕೊಂಡು ಬಂದಳು. ಕಿವಿಯಲ್ಲಿ ನಡೆದದ್ದು ಕಣ್ಣೆದುರು ಅಭಾಸವಾಯಿತು. 1981ರ ಟಿವಿಯಲ್ಲೂ ಸೊಕೊರ್ರೊ ಅವೆಲಾರ್ ಎಂಬ ಮೆಕ್ಸಿಕನ್ ನಟಿಗೆ ಬಣ್ಣ ಬಳಿದೇ ಆ ಪಾತ್ರ ಕೊಟ್ಟರು. ಜನ ಅತ್ತರು, ಅಭಾಸ ಅಂತ ಯಾರಿಗೂ ಅನ್ನಿಸಿದ ಹಾಗಿಲ್ಲ.

ಈ ಎರಡರ ನಡುವೆ 1966ರಲ್ಲಿ ತಿತೊ ಡೇವಿಸನ್ ನಿರ್ದೇಶಿಸಿದ ಇನ್ನೊಂದು ಸಿನಿಮಾ ಇದೆ. ಅದರಲ್ಲಿ ಮಮಾ ದೊಲೋರೆಸ್ ಆಗಿ ಬಂದವಳು ಯೂಸೇಬಿಯಾ ಕೋಸ್ಮೆ, ಕೈಗ್ನೆಟ್‌ನದೇ ಸಾಂತಿಯಾಗೊ ಊರಿನ ಕಪ್ಪು ಕಲಾವಿದೆ. ಇವಳ ಮೂಲ ಕಸುಬು ನಟನೆಯಲ್ಲ, ಕವಿತಾ ವಾಚನ. 1930ರ ದಶಕದಿಂದ ಕೆರಿಬಿಯನ್ನಿನ ಕಪ್ಪು ಬದುಕಿನ ಕವಿತೆಗಳನ್ನು ವೇದಿಕೆಗಳಲ್ಲಿ ಹೇಳಿ ಹೆಸರಾದವಳು. ಆಮೇಲೆ ನ್ಯೂಯಾರ್ಕಿನಿಂದ ಲ್ಯಾಟಿನ್ ಅಮೆರಿಕಕ್ಕೆ ಪ್ರಸಾರವಾಗುತ್ತಿದ್ದ ಸ್ವಂತ ರೇಡಿಯೊ ಕಾರ್ಯಕ್ರಮವೂ ಅವಳಿಗಿತ್ತು. ದನಿಯಿಂದಲೇ ಬದುಕಿದವಳು ಪರದೆಯ ಮೇಲೆ ಬಂದಾಗ, ದನಿ ಮತ್ತು ಮುಖ ಎರಡೂ ಒಬ್ಬಳದೇ ಆದವು. ಕಥೆ ಅದೇ ಹಳೆಯ ಅಳುಬುರುಕ ಕಥೆ. ಆದರೆ ಅವಳು ಮಾತಾಡುವಾಗ ಮಾತ್ರ ಚಿತ್ರಕ್ಕೆ ಮೈಯೆಲ್ಲ ಕಿವಿಯಾಗುತ್ತದೆ.

ಮಮಾ ದೊಲೋರೆಸ್ ಬಗ್ಗೆ ನನಗೆ ಒಂದು ಇರುಸುಮುರುಸು ಇದ್ದೇ ಇದೆ. ಕ್ಯೂಬಾದಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1886ರಲ್ಲಿ, ಕೈಗ್ನೆಟ್ ಹುಟ್ಟುವ ಆರು ವರ್ಷ ಮೊದಲು. 1912ರಲ್ಲಿ, ಅವನಿಗೆ ಇಪ್ಪತ್ತಾಗುವ ಹೊತ್ತಿಗೆ, ಅವನ ಓರಿಯೆಂತೆ ಪ್ರಾಂತದಲ್ಲೇ ತಮ್ಮದೇ ಪಕ್ಷ ಕಟ್ಟಿ ಹಕ್ಕು ಕೇಳಿದ ಕಪ್ಪು ಜನರ ಮೇಲೆ ಸೇನೆ ಬಿದ್ದು ಸಾವಿರಾರು ಮಂದಿಯನ್ನು ಕೊಂದಿತು. ಅದನ್ನು ಕಂಡ ನೆಲದಿಂದ ಬಂದ ಬರಹಗಾರ ಒಬ್ಬ ಕಪ್ಪು ಹೆಂಗಸನ್ನು ಕಥೆಯ ಕರುಳಾಗಿ ಮಾಡಿದ್ದು ದೊಡ್ಡದೇ. ಆದರೆ ಅವಳು ಒಳ್ಳೆಯವಳಾಗಿರುವುದು ಬಿಳಿಯರ ಕೂಸಿಗಾಗಿ ತನ್ನನ್ನು ತೇಯ್ದುಕೊಂಡಾಗ ಮಾತ್ರ. ಹಕ್ಕು ಕೇಳುವ ದೊಲೋರೆಸ್‌ಳನ್ನು ಸಾಬೂನು ಕಂಪನಿಗಳು ಪ್ರಸಾರ ಮಾಡಿಸುತ್ತಿರಲಿಲ್ಲ.

ಬ್ರೆಜಿಲ್‌ನ ಕಥೆ ಇದಕ್ಕೆ ಉಪ್ಪು ಸವರುತ್ತದೆ. ಪೋರ್ಚುಗೀಸ್ ಭಾಷೆಯಲ್ಲಿ ಅಲ್ಲಿ ಮೊದಲು ರೇಡಿಯೊಗೆ, ಆಮೇಲೆ 1964ರಲ್ಲಿ ತುಪಿ ಟಿವಿಗೆ ಬಂತು. 1965ರ ಆಗಸ್ಟಿನಲ್ಲಿ ಮುಗಿದಾಗ ಕಲಾವಿದರನ್ನು ನೋಡಲು ಸಾವೊ ಪಾಲೊದಲ್ಲಿ, ರಿಯೊದ ಮರಕಾನಾಜಿನ್ಯೊ ಕ್ರೀಡಾಂಗಣದಲ್ಲಿ ಜನಜಾತ್ರೆ. ದೊಲೋರೆಸ್ ಆಗಿದ್ದವಳು ಇಸೌರಾ ಬ್ರೂನೊ, ಕಪ್ಪು ನಟಿ, ನಟನೆಗೆ ಮೊದಲು ಮನೆಗೆಲಸ ಮಾಡಿದವಳು. ಆ ಕ್ರೀಡಾಂಗಣದಲ್ಲಿ ಜನ ಅವಳ ಹೆಸರು ಕೂಗಿದರು. ಆಮೇಲೆ ಅವಳಿಗೆ ಬಂದ ಪಾತ್ರಗಳೆಲ್ಲ ಮತ್ತೆ ಅಡಿಗೆಯವಳು, ದಾದಿ. ಬಡತನದಲ್ಲೇ 1977ರಲ್ಲಿ ತೀರಿಕೊಂಡಳು.

ಟಿವಿ ಕಳಕೊಂಡದ್ದು ರೇಡಿಯೊದ ಆ ನಿರೂಪಕನನ್ನು. ಅವನು ಪೂರ್ತಿ ಹೋಗಲಿಲ್ಲ. ಸುತ್ತುಬಳಸಿ ನಮ್ಮ ಮನೆಗೇ ಬಂದ. 1969ರಲ್ಲಿ ಪೆರುವಿನಲ್ಲಿ ‘ಸಿಂಪ್ಲೆಮೆಂತೆ ಮರಿಯಾ’ ಎಂಬ ಟೆಲಿನೊವೆಲಾ ಬಂತು. ಮನೆಗೆಲಸದ ಹುಡುಗಿ ಅಕ್ಷರ ಕಲಿತು, ಹೊಲಿಗೆ ಮೆಷಿನ್ ತುಳಿದು ಮೇಲೆ ಬರುವ ಕಥೆ. ಅದನ್ನು ನೋಡಿದ ಹೆಂಗಸರು ಹೊಲಿಗೆ ತರಗತಿಗೆ, ಅಕ್ಷರ ತರಗತಿಗೆ ಸೇರತೊಡಗಿದ್ದನ್ನು ಗಮನಿಸಿದ ಮೆಕ್ಸಿಕೊದ ಮಿಗೆಲ್ ಸಬಿದೊ, ಧಾರಾವಾಹಿಯಿಂದಲೇ ಜನಶಿಕ್ಷಣ ಮಾಡುವ ಒಂದು ವಿಧಾನ ರೂಪಿಸಿದ. ವಯಸ್ಕರ ಶಿಕ್ಷಣಕ್ಕೆ 1975ರಲ್ಲಿ, ಕುಟುಂಬ ಯೋಜನೆಗೆ 1977ರಲ್ಲಿ ಧಾರಾವಾಹಿ ಮಾಡಿದ. ಅದನ್ನು ನೋಡಿ ಬಂದ ನಮ್ಮ ಸರ್ಕಾರದವರು 1984ರಲ್ಲಿ ದೂರದರ್ಶನದಲ್ಲಿ ಶುರುಮಾಡಿದ್ದೇ ‘ಹಮ್ ಲೋಗ್’. ಬರೆದವರು ಮನೋಹರ ಶ್ಯಾಮ್ ಜೋಶಿ. ಹಿಂದಿ ಅಷ್ಟಕ್ಕಷ್ಟೇ ಬರುತ್ತಿದ್ದ ನಮ್ಮ ಕಡೆಯ ಮನೆಗಳಲ್ಲೂ ಕೊನೆಗೆ ಅಶೋಕ್ ಕುಮಾರ್ ಬಂದು ಕ್ಯಾಮೆರಾ ನೋಡಿ ಮಾತಾಡುವವರೆಗೆ ಯಾರೂ ಏಳುತ್ತಿರಲಿಲ್ಲ. ಕಥೆಯ ಹೊರಗೆ ನಿಂತು, ಪಾತ್ರಗಳ ಮನಸ್ಸನ್ನು ಬಿಡಿಸಿ ಹೇಳಿ, ಮುಂದಿನ ಕಂತಿಗೆ ಕೊಕ್ಕೆ ಹಾಕಿ ಹೋಗುವ ಆ ಹಿರಿಯ ದನಿ ಹೆಚ್ಚುಕಡಿಮೆ ರೇಡಿಯೊ ನಿರೂಪಕನದೇ. ಕೈಗ್ನೆಟ್‌ನಿಂದ ನೇರ ಎರವಲು ಅಂತ ನಾನು ಹೇಳುತ್ತಿಲ್ಲ. ಆದರೆ ದಾರಿ ಆ ಕಡೆಯಿಂದಲೇ ಬಂದದ್ದು.

ಹೆಸರಿನ ಬಗ್ಗೆ ಒಂದು ತಕರಾರು ಉಳಿದಿದೆ. ಧಾರಾವಾಹಿ ಶುರುವಾಗುವುದೇ ಹೀಗೆ: ಬಸಿರು ತೆಗೆಸಿಕೊಳ್ಳಲು ಹೆಂಗಸೊಬ್ಬಳು ಡಾಕ್ಟರ್ ಲಿಮೊಂತಾ ಹತ್ತಿರ ಬರುತ್ತಾಳೆ, ಅವನು ಒಲ್ಲೆನೆಂದು, ತನ್ನ ಹುಟ್ಟಿನ ಕಥೆಯನ್ನೇ ಹೇಳತೊಡಗುತ್ತಾನೆ. 314 ಕಂತಿನ ಉಪದೇಶಕ್ಕೆ ಪೀಠಿಕೆ ಇದು. ಕೇಳಲು ಬಂದವಳ ಕಷ್ಟ ಏನು, ಮುಂದೆ ಅವಳ ಗತಿಯೇನು ಅನ್ನುವುದರಲ್ಲಿ ಕಥೆಗೆ ಅಂಥ ಆಸಕ್ತಿಯಿಲ್ಲ. ಕೂಸಿನ ಹಕ್ಕಿನ ಬಗ್ಗೆ ಇಷ್ಟು ಮಾತಾಡುವ ಕಥೆಯಲ್ಲಿ ಮರಿಯಾ ಎಲೆನಾಗೆ, ದೊಲೋರೆಸ್‌ಗೆ ಇದ್ದ ಹಕ್ಕೇನು ಅಂತ ಯಾರೂ ಕೇಳುವುದಿಲ್ಲ. ಆದರೂ ಕೇಳಿದವರು ಅತ್ತದ್ದು ಉಪದೇಶಕ್ಕಲ್ಲ ಅಂತ ನನ್ನ ನಂಬಿಕೆ. ಕೂಸೆತ್ತಿಕೊಂಡು ಕತ್ತಲಲ್ಲಿ ಓಡಿದ ಆ ಹೆಂಗಸಿಗೆ.

1959ರ ಕ್ರಾಂತಿಯ ಮರುವರ್ಷ ಸಿಎಂಕ್ಯು ಸರ್ಕಾರದ ಕೈಸೇರಿತು. ಗೋಆರ್ ಮೆಸ್ತ್ರೆ ದೇಶ ಬಿಟ್ಟು ಅರ್ಜೆಂಟೀನಾದಲ್ಲಿ ಟಿವಿ ಕಟ್ಟಿದ. ರೇಡಿಯೊಗೆ ಬರೆಯುತ್ತಿದ್ದ ಇನೆಸ್ ರೊದೇನಾ, ದೆಲಿಯಾ ಫಿಯಾಲೊ ಮುಂತಾದವರು ಹೊರಗೆ ಹೋದರು; ವೆನೆಜುವೆಲಾ, ಮೆಕ್ಸಿಕೊಗಳ ಟೆಲಿನೊವೆಲಾಗಳು ದಶಕಗಟ್ಟಲೆ ಅವರ ಕಥೆಗಳ ಮೇಲೆಯೇ ನಡೆದವು. ಕೈಗ್ನೆಟ್ ಮಾತ್ರ ಕ್ಯೂಬಾದಲ್ಲೇ ಉಳಿದು 1976ರಲ್ಲಿ ಹವಾನಾದಲ್ಲಿ ತೀರಿಕೊಂಡ. ಯೂಸೇಬಿಯಾ ಕೋಸ್ಮೆ ಕಣ್ಣುಮುಚ್ಚಿದ್ದೂ ಅದೇ ವರ್ಷ, ಕಡಲಿನಾಚೆ ಮಯಾಮಿಯಲ್ಲಿ.

ನೋಡಬೇಕು ಅನ್ನುವವರು 2001ರದನ್ನು ಬಿಟ್ಟುಬಿಡಬಹುದು; ಕೇತ್ ದೆಲ್ ಕಾಸ್ತಿಯೊ ಚೆನ್ನಾಗಿ ಕಾಣುತ್ತಾಳೆ, ಸೆಟ್ಟುಗಳು ಇನ್ನೂ ಚೆನ್ನಾಗಿವೆ, ಅಷ್ಟೇ. 1981ರದು ಉದ್ದವಾಯಿತು, ಲೋಪೆಸ್ ತಾರ್ಸೊ ಇರುವ ಭಾಗ ಸಾಕು. ಮೊದಲು ಹುಡುಕಬೇಕಾದ್ದು 1966ರ ಸಿನಿಮಾ. ಸಬ್‌ಟೈಟಲ್ ಸಿಗದಿದ್ದರೂ ಪರವಾಗಿಲ್ಲ, ಕಥೆ ಈಗಾಗಲೇ ನಿಮಗೆ ಗೊತ್ತು.